ಆಸ್ಟ್ರೇಲಿಯಾ ಬೀಫ್ ಕ್ಯಾಟಲ್ ಸ್ಟಡಿ ಟೂರ್: ಹೋಗೋ ಹುಡುಗ್ರು, ಕಳಿಸೋ ಮನೆಯವ್ರು ಪದೇ ಪದೇ ಕೇಳೋ ಪ್ರಶ್ನೆಗಳು

ಹೋದ ಬ್ಯಾಚಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆ ಸೇರಿ ಹದಿನಾಲ್ಕು ಜನ ಹೋಗಿದ್ವಿ, ಅದ್ರಲ್ಲಿ ನಾನೂ ಒಬ್ಳು. ನಮ್ದು ಶಿರಾ ಹತ್ರ ಹಳ್ಳಿ, ಮನೇಲಿ ಮೂರು ಹಸು ಮೂವತ್ತು ಕುರಿ. ಈ ಸಲ ಹೋಗೋವ್ರು ದಿನಾ ವಾಟ್ಸಾಪಲ್ಲಿ ಅದೇ ಅದೇ ಕೇಳ್ತಾ ಇದ್ದಾರೆ, ಅವ್ರಪ್ಪಂದಿರು ರಾತ್ರಿ ಒಂಬತ್ತಕ್ಕೆ ಫೋನ್ ಮಾಡ್ತಾರೆ, ಅದಕ್ಕೆ ಒಂದೇ ಸಲ ಬರೆದು ಹಾಕ್ತಾ ಇದೀನಿ. ಇನ್ಮೇಲೆ ಫೋನ್ ಮಾಡೋ ಮುಂಚೆ ಇದನ್ನ ಪೂರ್ತಿ ಓದಿ ಪ್ಲೀಸ್.

ಅಕ್ಕಾ, ಮೊದ್ಲು ಹೇಳಿ, ಎಲ್ಲಿಗೆ ಹೋಗೋದು, ಏನ್ ತೋರಿಸ್ತಾರೆ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ. ಬ್ರಿಸ್ಬೇನಲ್ಲಿ ಇಳಿದು ಬಸ್ಸಲ್ಲಿ ಟೂವೂಂಬಾ, ಅಲ್ಲಿಂದ ಪಶ್ಚಿಮಕ್ಕೆ ರೋಮಾ, ಆಮೇಲೆ ರಾಕ್‌ಹ್ಯಾಂಪ್ಟನ್. ರಾಕ್‌ಹ್ಯಾಂಪ್ಟನ್‌ನ ಅಲ್ಲಿನವ್ರು ಬೀಫ್ ಕ್ಯಾಪಿಟಲ್ ಅಂತಾನೇ ಕರೀತಾರೆ, ಊರಲ್ಲಿ ರೋಡ್ ಸರ್ಕಲಲ್ಲಿ ಹೋರಿ ಪ್ರತಿಮೆಗಳಿದಾವೆ, ನಮ್ಮಲ್ಲಿ ಗುಡಿ ಮುಂದೆ ಬಸವಣ್ಣ ಇರೋ ಹಂಗೆ. ಸ್ಟೇಷನ್, ಅಂದ್ರೆ ದನ ಸಾಕೋ ದೊಡ್ಡ ಜಮೀನು, ರೈಲ್ವೆ ಸ್ಟೇಷನ್ ಅಲ್ಲ, ನಮ್ಮಪ್ಪ ಎರಡು ದಿನ ಹಂಗೇ ಅನ್ಕೊಂಡಿದ್ರು. ಜೊತೆಗೆ ಒಂದು ಫೀಡ್‌ಲಾಟ್ (ದನ ಕೊಬ್ಬಿಸೋ ಜಾಗ, ಕೆಳಗೆ ಹೇಳ್ತೀನಿ), ದನದ ಸಂತೆ, ಸಂಶೋಧನಾ ಫಾರಂ, ಮಾಂಸದ ಕಾರ್ಖಾನೆ. ಹನ್ನೆರಡು ದಿನ. ಬೀಚು ಗೀಚು ಅಂತ ಆಸೆ ಇಟ್ಕೊಂಡು ಬರಬೇಡಿ, ಅರ್ಧ ದಿನ ಸಿಕ್ಕಿದ್ರೆ ಪುಣ್ಯ. ಬ್ರಿಸ್ಬೇನಿಂದ ರೋಮಾನೇ ಸುಮಾರು 480 ಕಿಲೋಮೀಟರ್, ಕಿಟಕಿ ಆಚೆ ನೋಡಿದ್ರೆ ಬೇಲಿ, ಹುಲ್ಲು, ಮತ್ತೆ ಬೇಲಿ.

ಮನೇಲಿ ಒಪ್ತಾ ಇಲ್ಲ. ಪೂಜೆ ಮಾಡೋ ಹಸೂನ ಕಡಿಯೋ ಜಾಗ ನೋಡೋಕೆ ದುಡ್ಡು ಕೊಟ್ಟು ಹೋಗ್ತೀಯಾ ಅಂತಾರೆ. ಏನ್ ಹೇಳ್ಲಿ?

ಇದು ಎಲ್ಲರ ಮನೇಲೂ ಬಂದಿರೋ ಮಾತೇ. ನಮ್ಮಜ್ಜಿ ನಂಜೊತೆ ಒಂದು ವಾರ ಮಾತು ಬಿಟ್ಟಿದ್ರು. ನಾನು ವಾದ ಮಾಡೋಕೆ ಹೋಗ್ಲಿಲ್ಲ, ವಾದ ಮಾಡಿ ಅಜ್ಜೀನ ಯಾರೂ ಗೆದ್ದಿಲ್ಲ. ಏನ್ ಕಲಿಯೋಕೆ ಹೋಗ್ತಾ ಇದೀನಿ ಅನ್ನೋದನ್ನ ಮಾತ್ರ ಹೇಳ್ದೆ: ಮೇವು ಹೆಂಗೆ ಉಳಿಸ್ಕೋತಾರೆ, ಮಳೆ ಇಲ್ದಿರೋ ವರ್ಷ ದನ ಹೆಂಗೆ ಉಳಿಸ್ತಾರೆ, ಸಾವಿರಾರು ದನ ಇರೋ ಕಡೆ ರೋಗ ಹೆಂಗೆ ಕಂಡು ಹಿಡೀತಾರೆ. ಇದೆಲ್ಲ ನಮ್ಮ ಕೊಟ್ಟಿಗೆಗೂ ಬೇಕಾದ್ದೇ ಅಲ್ವಾ. ಅಜ್ಜಿ ಕೊನೇಗೆ ಕೇಳಿದ್ದು ಒಂದೇ, "ಅಲ್ಲಿ ಹಸುಗೆ ಹೆಸರಿಡ್ತಾರಾ?" ಅಂತ. ಹೋಗಿ ನೋಡಿ ಬಂದು ಹೇಳ್ತೀನಿ ಅಂದೆ.

ಸುಳ್ಳು ಹೇಳಿ ಮಾತ್ರ ಬರಬೇಡಿ. ನಮ್ಮ ಬ್ಯಾಚಲ್ಲಿ ಒಬ್ಬ "ಡೈರಿ ಟೂರು" ಅಂತ ಮನೇಲಿ ಹೇಳಿ ಬಂದಿದ್ದ, ಗ್ರೂಪ್ ಫೋಟೋ ಊರಿನ ವಾಟ್ಸಾಪ್ ಗ್ರೂಪಿಗೆ ಹೋಗಿ, ಅವ್ನಪ್ಪ ಆಸ್ಟ್ರೇಲಿಯಾಗೇ ಫೋನ್ ಮಾಡಿ ಬೈದಿದ್ದು ನಾವೆಲ್ಲ ಸ್ಪೀಕರಲ್ಲಿ ಕೇಳಿಸ್ಕೊಂಡ್ವಿ. ಪಾಪ.

ಮಾಂಸದ ಕಾರ್ಖಾನೆ ಒಳಗೆ ಹೋಗ್ಲೇಬೇಕಾ?

ಇಲ್ಲ. ಅದು ನಿಮ್ಮಿಷ್ಟ, ಹೋಗ್ದೇ ಇದ್ರೆ ಮಾರ್ಕ್ಸ್ ಕಟ್ ಆಗಲ್ಲ. ನಮ್ಮಲ್ಲಿ ಐದು ಜನ ಬಸ್ಸಲ್ಲೇ ಕೂತಿದ್ರು, ಯಾರೂ ಏನೂ ಅನ್ಲಿಲ್ಲ. ನಾನು ಹೋದೆ, ಆದ್ರೆ ಕಡಿಯೋ ಜಾಗಕ್ಕಲ್ಲ, ತಣ್ಣಗಿರೋ ಕೋಣೇಲಿ ನೇತು ಹಾಕಿರೋ ಮಾಂಸಾನ ಗ್ರೇಡಿಂಗ್ ಮಾಡೋ, ಅಂದ್ರೆ ಗುಣ ನೋಡಿ ದರ್ಜೆ ಹಾಕೋ ಕಡೆಗೆ.

ಒಂದು ವಿಷ್ಯ ಸೀರಿಯಸ್ಸಾಗಿ ತಗೊಳಿ, ಕ್ಯೂ ಫೀವರ್. ದನ ಕುರಿ ಮೇಕೆಯಿಂದ ಮನುಷ್ಯರಿಗೆ ಬರೋ ರೋಗ, ಧೂಳಲ್ಲಿ ಉಸಿರಿನ ಜೊತೆ ಒಳಗೆ ಹೋಗುತ್ತೆ. 1930ರ ದಶಕದಲ್ಲಿ ಇದನ್ನ ಮೊದ್ಲು ಗುರುತಿಸಿದ್ದೇ ಬ್ರಿಸ್ಬೇನಿನ ಕಸಾಯಿಖಾನೆ ಕೆಲಸದವ್ರಲ್ಲಿ, ಎಡ್ವರ್ಡ್ ಡೆರಿಕ್ ಅನ್ನೋ ಡಾಕ್ಟ್ರು. ಅಲ್ಲಿ ಕೆಲಸ ಮಾಡೋವ್ರಿಗೆ ಲಸಿಕೆ ಇದೆ, ಆದ್ರೆ ಲಸಿಕೆಗೆ ಮುಂಚೆ ರಕ್ತ ಪರೀಕ್ಷೆ, ಚರ್ಮದ ಪರೀಕ್ಷೆ ಎರಡೂ ಮಾಡಿ ಒಂದು ವಾರ ಕಾಯಬೇಕು, ಯಾಕಂದ್ರೆ ಮುಂಚೇನೇ ಸೋಂಕು ತಗುಲಿದ್ದವ್ರಿಗೆ ಕೊಟ್ರೆ ರಿಯಾಕ್ಷನ್ ಜೋರಾಗತ್ತೆ. ನಮ್ಮಂಥ ಹನ್ನೆರಡು ದಿನದ ಟೂರಿಗೆ ಅದೆಲ್ಲ ಆಗೋ ಮಾತಲ್ಲ, ಅದಕ್ಕೆ ಅವ್ರು ಎಲ್ಲಿ ತನಕ ಬಿಡ್ತಾರೋ ಅಲ್ಲಿ ತನಕ ಮಾತ್ರ, ಮಾಸ್ಕ್ ಕೊಟ್ರೆ ಹಾಕ್ಕೊಳಿ, ಸೆಲ್ಫಿಗೆ ಅಂತ ತೆಗೀಬೇಡಿ. ಮನೇಲಿ ಕುರಿ ಮರಿ ಹಾಕ್ಸೋವ್ರಂತೂ ಈ ರೋಗದ ಬಗ್ಗೆ ಓದ್ಕೊಂಡೇ ಬನ್ನಿ.

ನಾವು ಸಸ್ಯಾಹಾರಿ. ಊಟಕ್ಕೆ ಏನ್ ಗತಿ?

ಬದುಕ್ಬೋದು. ಸಿಟೀಲಿ ಇಂಡಿಯನ್ ಹೋಟ್ಲಿದೆ, ರೋಮಾ ಕಡೆ ಬ್ರೆಡ್ಡು, ಬೀನ್ಸು, ಆಲೂಗಡ್ಡೆ, ಮೊಟ್ಟೆ ತಿನ್ನೋವ್ರಿಗೆ ಮೊಟ್ಟೆ. ಸ್ಟೇಷನಲ್ಲಿ ಒಬ್ರು ಅಜ್ಜಿ ನಮಗೋಸ್ಕರ ಕುಂಬಳಕಾಯಿ ಸೂಪ್ ಮಾಡಿದ್ರು, ಒಗ್ಗರಣೆ ಒಂದಿದ್ದಿದ್ರೆ ಥೇಟ್ ನಮ್ಮನೆ ಸಾರು. ಮಾಂಸ ತಿನ್ನೋವ್ರಿಗೂ ಬೀಫ್ ತಿನ್ನು ಅಂತ ಯಾರೂ ಬಲವಂತ ಮಾಡಲ್ಲ, ತಿನ್ನೋವ್ರನ್ನ ನೀವು ಕೆಕ್ಕರಿಸ್ಕೊಂಡು ನೋಡೋದೂ ಬೇಡ. ಮುದ್ದೆ ಸಿಗಲ್ಲ. ಅಷ್ಟೇ.

ಎಷ್ಟು ಖರ್ಚು?

ನಂಗೆ ಟಿಕೆಟ್, ವೀಸಾ, ಇನ್ಶೂರೆನ್ಸ್, ಬಸ್ಸು, ರೂಮು ಎಲ್ಲ ಸೇರಿ ಎರಡೂಮುಕ್ಕಾಲು ಲಕ್ಷದ ಹತ್ರ ಹೋಯ್ತು. ಸ್ವಲ್ಪ ಸ್ಕಾಲರ್‌ಶಿಪ್, ಮಿಕ್ಕಿದ್ದು ಅಪ್ಪ ಟಗರು ಮಾರಿ ಕೊಟ್ರು. ಈ ಸಲದ ಲೆಕ್ಕ ಕೋಆರ್ಡಿನೇಟರ್ ಸಾರ್ ಹತ್ರ ಕೇಳಿ, ನನ್ನ ಹತ್ರ ಅಲ್ಲ.

ಪಾಸ್‌ಪೋರ್ಟ್, ವೀಸಾ?

ಪಾಸ್‌ಪೋರ್ಟ್ ಇಲ್ದಿರೋವ್ರು ಇವತ್ತೇ ಅಪ್ಲೈ ಮಾಡಿ. ಒಂದು ಮುಖ್ಯವಾದ ವಿಷ್ಯ: ನಮ್ ಕಡೆ ಎಲ್ಲರ ಹೆಸರಿನ ಮುಂದೆ ಇನಿಶಿಯಲ್, ಮಾರ್ಕ್ಸ್ ಕಾರ್ಡಲ್ಲಿ ಒಂಥರಾ, ಆಧಾರಲ್ಲಿ ಒಂಥರಾ. ಇನಿಶಿಯಲ್ ಬಿಡಿಸಿ ಪೂರ್ತಿ ಬರೆಸಿ, ಎಲ್ಲಾ ಕಡೆ ಒಂದೇ ಇರಲಿ. ನನ್ನ ಕೇಸಲ್ಲಿ ಫಾರಂ ತುಂಬಿದ ಟ್ರಾವೆಲ್ ಏಜೆಂಟ್ ಒಬ್ಬ ನಮ್ಮೂರಿನ ಹೆಸರನ್ನ ಸರ್‌ನೇಮ್ ಜಾಗದಲ್ಲಿ ಹಾಕಿ, ಪಾಸ್‌ಪೋರ್ಟಲ್ಲಿ ಇಲ್ದಿರೋ ಹೆಸರು ವೀಸಾದಲ್ಲಿ ಬಂದು, ಅದನ್ನ ಸರಿ ಮಾಡ್ಸೋಕೆ ಮೂರು ವಾರ ಓಡಾಡಿ ಅತ್ತಿದೀನಿ ನಾನು. ವೀಸಾ ಬೇಕಾಗೋದು ವಿಸಿಟರ್ ವೀಸಾ, ಸಬ್‌ಕ್ಲಾಸ್ 600, ಬೆರಳಚ್ಚು ಕೊಡೋಕೆ ಬೆಂಗಳೂರಿಗೆ ಒಂದ್ಸಲ ಹೋಗ್ಬೇಕು. ಫಾರಂ ನೀವೇ ಕೂತು ತುಂಬಿ, ಏಜೆಂಟ್ ತುಂಬಿದ್ರೂ ಸಬ್ಮಿಟ್ ಮಾಡೋ ಮುಂಚೆ ಒಂದೊಂದು ಅಕ್ಷರ ಓದಿ.

ಮನೆಯಿಂದ ಏನ್ ತಿಂಡಿ ತಗೊಂಡು ಹೋಗ್ಬೋದು? ಏನ್ ತರ್ಬಾರ್ದು?

ಇದನ್ನ ಎರಡು ಸಲ ಓದಿ. ನಮ್ಮ ದೇಶದಲ್ಲಿ ಕಾಲುಬಾಯಿ ಜ್ವರ ಇದೆ, ಆಸ್ಟ್ರೇಲಿಯಾದಲ್ಲಿ 1872ರಿಂದ ಈಚೆಗೆ ಇಲ್ಲ. ಅವ್ರ ದನದ ಮಾಂಸ ಅರ್ಧಕ್ಕಿಂತ ಜಾಸ್ತಿ ಹೊರ ದೇಶಕ್ಕೆ ಹೋಗುತ್ತೆ, ಒಂದೇ ಒಂದು ದನಕ್ಕೆ ಈ ರೋಗ ಬಂದ್ರೂ ಮಾರ್ಕೆಟ್ ಬಾಗಿಲು ಹಾಕುತ್ತೆ. ಅದಕ್ಕೆ ಏರ್‌ಪೋರ್ಟಲ್ಲಿ ನಿಮ್ಮ ಬ್ಯಾಗಿಗಿಂತ ನಿಮ್ಮ ಶೂ ಮೇಲೆ ಅವ್ರಿಗೆ ಕಣ್ಣು.

ತುಪ್ಪ, ಖೋವಾ ಸ್ವೀಟು, ಹಸಿ ಕರಿಬೇವು, ಅವರೇಕಾಳು, ಬಿತ್ತನೆ ಆಗೋಂಥ ಯಾವ ಕಾಳೂ ಬೇಡ. ಚಟ್ನಿಪುಡಿ, ಮಸಾಲೆ ಏನೇ ಇದ್ರೂ ಅಲ್ಲಿ ಇಳಿಯೋವಾಗ ತುಂಬೋ ಕಾರ್ಡಲ್ಲಿ ಡಿಕ್ಲೇರ್ ಮಾಡಿ, ಡಿಕ್ಲೇರ್ ಮಾಡಿದ್ರೆ ಜಾಸ್ತಿ ಅಂದ್ರೆ ಕಿತ್ಕೊಂಡು ಬಿಸಾಕ್ತಾರೆ, ಮುಚ್ಚಿಟ್ರೆ ದಂಡ, ವೀಸಾನೇ ಕ್ಯಾನ್ಸಲ್ ಮಾಡೋ ಅಧಿಕಾರನೂ ಅವ್ರಿಗಿದೆ. ಜಮೀನಿಗೆ ಹೋಗಿದ್ದೀರಾ, ದನದ ಹತ್ರ ಇದ್ರಾ ಅಂತಾನೂ ಕಾರ್ಡಲ್ಲಿ ಕೇಳ್ತಾರೆ, ನಾವೆಲ್ಲ ಹೌದು ಅಂತಾನೇ ಟಿಕ್ ಮಾಡಿದ್ವಿ, ಇನ್ನೇನ್ ಮಾಡೋದು, ಹೊರಡೋ ದಿನ ಬೆಳಿಗ್ಗೆನೂ ಹಾಲು ಕರೆದು ಬಂದಿರೋವ್ರಿದ್ರು. ಹಂಗೆ ಹಾಲು ಕರೆದು ಬಂದಿದ್ದು ತಪ್ಪು, ಈ ಸಲ ಹಂಗೆ ಮಾಡ್ಬೇಡಿ, ಹೊರಡೋಕೆ ಒಂದು ವಾರ ಮುಂಚಿಂದ ಕೊಟ್ಟಿಗೆ ಕೆಲಸ ಬೇರೆಯವ್ರಿಗೆ ವಹಿಸಿ.

ನಾನು ಶೂ ತೊಳ್ದಿದೀನಿ ಅನ್ಕೊಂಡಿದ್ದೆ. ಅಲ್ಲಿನ ಆಫೀಸರಮ್ಮ ಶೂ ತಿರುಗಿಸಿ ನೋಡಿದ್ರೆ ಅಡೀಲಿ ಗೆರೆ ಗೆರೆ ಸಂದೀಲಿ ನಮ್ಮ ರಾಗಿ ಹೊಲದ ಕೆಮ್ಮಣ್ಣು, ಬೆಣೆ ಹೊಡೆದ ಹಂಗೆ ಕೂತಿದೆ. ನನ್ನ ಸಾಕ್ಸಲ್ಲಿ ನಿಲ್ಲಿಸಿ, ಒಳಗೆ ತಗೊಂಡೋಗಿ, ಅವ್ರೇ ಬ್ರಷ್ ಹಾಕಿ ತೊಳೆದು, ಪ್ಲಾಸ್ಟಿಕ್ ಕವರಲ್ಲಿ ಒದ್ದೆ ಶೂ ಹಾಕಿ ನಗ್ತಾ ಕೊಟ್ರು. ಹಳೇ ಟೂತ್‌ಬ್ರಷ್ ತಗೊಂಡು ಮನೇಲೇ ಉಜ್ಜಿ, ಇಲ್ಲ ಹೊಸ ಶೂ ತಗೊಂಡು ಅಲ್ಲೇ ಡಬ್ಬ ಓಪನ್ ಮಾಡಿ.

ಅಲ್ಲಿರೋ ಬ್ರಾಹ್ಮನ್ ದನ ನಮ್ಮ ದೇಶದ್ದೇ ಅಂತಾರಲ್ಲ, ನಿಜಾನಾ?

ನಿಜ, ಈ ಟೂರಲ್ಲಿ ನನ್ನ ತಲೆ ತಿರುಗಿಸಿದ್ದೂ ಇದೇ. ಬಿಳಿ ಮೈ, ಡುಬ್ಬ, ಜೋಲು ಗಂಗೆದೊಗಲು, ನೇತಾಡೋ ಕಿವಿ, ಬೇಲಿ ಆಚೆ ನಿಂತಿದ್ರೆ ನಮ್ಮೂರ ಜಾತ್ರೆಗೆ ಬಂದಿರೋ ಹೋರಿ ಅನ್ಬೇಕು. ಹತ್ತೊಂಬತ್ತನೇ ಶತಮಾನದಲ್ಲಿ ಶುರುವಾಗಿ ನಮ್ಮಲ್ಲಿಂದ ಗಿರ್, ಕಾಂಕ್ರೇಜ್, ಓಂಗೋಲ್, ಜೊತೆಗೆ ನಮ್ಮ ಉತ್ತರ ಕರ್ನಾಟಕದ ಕೃಷ್ಣಾ ವ್ಯಾಲಿ ಹೋರಿಗಳು ಅಮೆರಿಕಾ ಕಡೆ ಹೋದ್ವು, ಅಲ್ಲಿ ಇವನ್ನೆಲ್ಲ ಸೇರಿಸಿ ಬ್ರಾಹ್ಮನ್ ಅನ್ನೋ ತಳಿ ಮಾಡಿದ್ರು, 1933ರಲ್ಲಿ ಅಮೆರಿಕಾದಿಂದ ಕ್ವೀನ್ಸ್‌ಲ್ಯಾಂಡಿಗೆ ತರಿಸ್ಕೊಂಡ್ರು. ಬ್ರೆಜಿಲಲ್ಲಂತೂ ನಮ್ಮ ಓಂಗೋಲನ್ನ ನೆಲೋರ್ ಅಂತ ಕರೀತಾರೆ, ನಮ್ಮ ಪಕ್ಕದ ನೆಲ್ಲೂರಿನ ಹೆಸರದು, ಅವ್ರ ಮಾಂಸದ ದನದಲ್ಲಿ ಬಹುಪಾಲು ಅದೇ ರಕ್ತ.

ಯಾಕೆ ಬೇಕಾಯ್ತು ಅಂದ್ರೆ ಉಣ್ಣೆ, ಕುರಿ ಉಣ್ಣೆ ಅಲ್ಲ, ದನದ ಮೈಗೆ ಕಚ್ಕೊಂಡು ರಕ್ತ ಹೀರೋ ಹುಳ. 1872ರಲ್ಲಿ ಡಾರ್ವಿನ್ ಬಂದರಿಗೆ ಇಂಡೋನೇಷ್ಯಾ ಕಡೆಯಿಂದ ಬಂದ ದನದ ಮೈಮೇಲೆ ಉಣ್ಣೆ ಬಂತು, ಇಂಗ್ಲೆಂಡ್ ಮೂಲದ ಶಾರ್ಟ್‌ಹಾರ್ನ್, ಹೆರಿಫೋರ್ಡ್ ದನಗಳು ಉಣ್ಣೆಗೂ ಉಣ್ಣೆ ಜ್ವರಕ್ಕೂ ಬಿಸಿಲಿಗೂ ಸೋತು ಸತ್ವು. ನಮ್ಮ ದನದ ಚರ್ಮ ಸಡಿಲ, ಬೆವರು ಚೆನ್ನಾಗಿ ಬರುತ್ತೆ, ಉಣ್ಣೆ ಅಷ್ಟಾಗಿ ಹತ್ತಲ್ಲ. ಶುರೂಲಿ ಅಲ್ಲಿನ ರೈತರೇ ಈ ಡುಬ್ಬದ ದನ ಬೇಡ ಅಂತ ನಕ್ಕಿದ್ರಂತೆ, ಈಗ ಉತ್ತರದ ಕಡೆ ಎಲ್ಲಿ ನೋಡಿದ್ರೂ ಅದೇ, ಇಲ್ಲಾ ಅದರ ಕ್ರಾಸ್, ಡ್ರೌಟ್‌ಮಾಸ್ಟರ್, ಬ್ರ್ಯಾಂಗಸ್ ಅಂತ.

ಆದ್ರೆ ಗ್ರೇಡಿಂಗ್ ಕೋಣೇಲಿ ಒಬ್ರು ಉಕ್ಕಿನ ಸ್ಕೇಲ್ ಹಿಡ್ಕೊಂಡು ಡುಬ್ಬದ ಎತ್ತರ ಮಿಲಿಮೀಟರಲ್ಲಿ ಅಳೀತಾ ಇದ್ರು. ಡುಬ್ಬ ದೊಡ್ಡದಾದಷ್ಟೂ ಮಾಂಸ ಗಟ್ಟಿ ಅಂತ ಸ್ಕೋರ್ ಇಳಿಯುತ್ತೆ. ನಮ್ಮ ಕಡೆ ಹೋರಿ ಹಿಣಿಲು ಎಷ್ಟು ಎತ್ತರ ಇದೆ ಅಂತ ಮಾಲೀಕ ಮೀಸೆ ತಿರುವ್ತಾನೆ, ಅಲ್ಲಿ ಅದೇ ಹಿಣಿಲಿಗೆ ದುಡ್ಡು ಕಟ್. ನಾನು ನೋಟ್ಸ್ ಬರಿಯೋದು ಬಿಟ್ಟು ಸುಮ್ನೆ ನಿಂತ್ಕೊಂಡೆ ಸ್ವಲ್ಪ ಹೊತ್ತು.

ಅಲ್ಲಿ ದನದ ಸಂತೆ ನಮ್ಮ ಜಾತ್ರೆ ಥರಾನೇನಾ?

ಅಯ್ಯೋ ಇಲ್ಲ. ಸಿದ್ಧಗಂಗೆ ಜಾತ್ರೇಲೋ, ಕೋಲಾರದವ್ರಿಗೆ ಆವಣೀಲೋ, ಚಿಕ್ಕಬಳ್ಳಾಪುರದವ್ರಿಗೆ ನಂದೀಲೋ ಹೆಂಗಿರುತ್ತೆ, ಎತ್ತಿಗೆ ಕೊಂಬಿಗೆ ಬಣ್ಣ, ಪೆಂಡಾಲು, ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು. ರೋಮಾದಲ್ಲಿರೋದು ಆಸ್ಟ್ರೇಲಿಯಾದ ಅತಿ ದೊಡ್ಡ ದನದ ಮಾರ್ಕೆಟ್, ಕಬ್ಬಿಣದ ದೊಡ್ಡಿಗಳ ಸಾಲು, ಅದರ ಮೇಲೆ ಅಟ್ಟಣೆ, ಹರಾಜು ಕೂಗೋನು ಆ ಅಟ್ಟಣೆ ಮೇಲೆ ನಡ್ಕೊಂಡು ಒಂದೊಂದು ದೊಡ್ಡಿ ಮೇಲೂ ನಿಂತು ಮಳೆ ಸುರಿದ ಹಂಗೆ ಕೂಗ್ತಾನೆ. ರೇಟು ಜೋಡಿಗಲ್ಲ, ಕಿಲೋಗೆ, ಇಷ್ಟು ಸೆಂಟ್ ಅಂತ. ಕಿವೀಲಿ ಚಿಪ್ ಇರೋ ಓಲೆ, ಯಾವ ಜಮೀನಲ್ಲಿ ಹುಟ್ಟಿತು, ಎಲ್ಲಿಂದ ಎಲ್ಲಿಗೆ ಹೋಯ್ತು ಅನ್ನೋದು ಒಂದು ರಾಷ್ಟ್ರೀಯ ಡೇಟಾಬೇಸಲ್ಲಿ, ಎನ್‌ಎಲ್‌ಐಎಸ್ ಅಂತಾರೆ. ನಮ್ಮ ಹಸುಗಳಿಗೂ ಹಳದಿ ಓಲೆ ಹಾಕ್ತಾರಲ್ಲ, ಹನ್ನೆರಡು ಅಂಕಿದು, ಐಡಿಯಾ ಅದೇ. ಆದ್ರೆ ನಮ್ಮಲ್ಲಿ ಹಸು ಮಾರಿದ್ಮೇಲೆ ಅದನ್ನ ಕಂಪ್ಯೂಟರಲ್ಲಿ ಬದಲಾಯಿಸ್ದೋರು ಎಷ್ಟು ಜನ ಇದ್ದೀರಾ ಕೈ ಎತ್ತಿ. ನಾವೂ ಬದಲಾಯಿಸಿಲ್ಲ, ಹೇಳ್ಬಿಡ್ತೀನಿ.

ಒಂದೇ ಒಂದು ವಿಷ್ಯ ಅಪ್ಪನ ಮಾತು ಕೇಳಿದ ಹಂಗಾಯ್ತು. ಅವ್ರೂ ಹಲ್ಲಲ್ಲೇ ವಯಸ್ಸು ಹೇಳೋದು: ಹಾಲುಹಲ್ಲು, ಎರಡಲ್ಲು, ನಾಕಲ್ಲು, ಆರಲ್ಲು. ಬಾಯ್ಗೂಡಿದ್ದು ಅಂತ ನಾವು ಅನ್ನೋದನ್ನ ಎಂಟು ಹಲ್ಲು ಅಂತಾರೆ. ಕೋಲಾರದ ಹುಡುಗ ಒಬ್ಬ ಬೇಲಿ ಆಚೆಯಿಂದಾನೇ ನೋಡಿ ನಾಕಲ್ಲು ಅಂದ, ಅಲ್ಲಿದ್ದ ಮುದುಕಪ್ಪ ಒಬ್ರು ಟೋಪಿ ತೆಗೆದು ಅವ್ನಿಗೆ ನಮಸ್ಕಾರ ಮಾಡಿದ್ರು.

ಫೀಡ್‌ಲಾಟ್ ಅಂದ್ರೇನು?

ದನಾನ ಕೊನೇ ನೂರು ದಿನ, ಕೆಲವನ್ನ ಇನ್ನೂ ಜಾಸ್ತಿ ದಿನ, ದೊಡ್ಡಿಯಲ್ಲಿ ನಿಲ್ಲಿಸಿ ಧಾನ್ಯ ಹಾಕಿ ಕೊಬ್ಬಿಸೋ ಜಾಗ. ಟೂವೂಂಬಾ ಸುತ್ತ ಡಾರ್ಲಿಂಗ್ ಡೌನ್ಸ್ ಅಂತ ಎರೆಭೂಮಿ, ಅಲ್ಲಿ ಜಾಸ್ತಿ. ಹಾಕೋದು ಏನು ಗೊತ್ತಾ, ಜೋಳ! ಕೆಂಪು ಜೋಳ, ಬಾರ್ಲಿ, ಗೋಧಿ, ಆವಿಯಲ್ಲಿ ಬೇಯಿಸಿ ಅವಲಕ್ಕಿ ಥರ ಒತ್ತಿ ಹಾಕ್ತಾರೆ. ಬೆಳಿಗ್ಗೆ ಒಬ್ಬ ಬಂದು ಗೋದಲಿ ನೋಡಿ ನಿನ್ನೆದು ಎಷ್ಟು ಮಿಕ್ಕಿದೆ ಅಂತ ನಂಬರ್ ಹಾಕ್ತಾನೆ, ಅದರ ಮೇಲೆ ಇವತ್ತಿನ ಲಾರಿ ತೂಕ. ಒಂದೇ ಸಲ ಧಾನ್ಯ ಜಾಸ್ತಿ ಹಾಕಿದ್ರೆ ಹೊಟ್ಟೇಲಿ ಆಸಿಡ್ ಆಗಿ ದನ ಬೀಳುತ್ತೆ, ಅದಕ್ಕೆ ಮೂರು ವಾರ ನಿಧಾನಕ್ಕೆ ಅಭ್ಯಾಸ ಮಾಡಿಸ್ತಾರೆ. ಮದುವೆ ಮನೇಲಿ ಮಿಕ್ಕಿದ ಅನ್ನ ಹಸುಗೆ ಸುರಿದು ರಾತ್ರಿ ಡಾಕ್ಟ್ರಿಗೆ ಫೋನ್ ಮಾಡೋರು ಇದನ್ನೊಂದು ನೆನಪಿಟ್ಕೊಳಿ.

ವಾಸನೆ ಇದೆ. ನೆರಳು ಕಡಿಮೆ ಇರೋ ದೊಡ್ಡಿನೂ ನೋಡಿದೆ, ನಂಗೆ ಇಷ್ಟ ಆಗ್ಲಿಲ್ಲ, ಪ್ರಶ್ನೆ ಕೇಳಿದ್ವಿ, ಉತ್ತರ ಕೊಟ್ರು, ಪೂರ್ತಿ ಒಪ್ಪಿಗೆ ಆಗ್ಲಿಲ್ಲ.

ದನ ಹೊಡೆಯೋದು ಹಿಡಿಯೋದು ನಮಗೆ ಗೊತ್ತಿರೋದೇ ಅಲ್ವಾ, ಅದರಲ್ಲಿ ಕಲಿಯೋದೇನಿದೆ?

ನಾನೂ ಹಂಗೇ ಅನ್ಕೊಂಡಿದ್ದೆ. ಇನ್ನೂರು ದನಾನ ಒಬ್ಳೇ ಹುಡುಗಿ ಕೋಲಿಲ್ದೆ ದೊಡ್ಡಿಯಿಂದ ದೊಡ್ಡಿಗೆ ದಾಟಿಸಿದ್ದು ಕಣ್ಣಾರೆ ನೋಡಿದೆ. ಅವ್ಳು ಮಾಡಿದ್ದಿಷ್ಟೇ: ದನದ ಹೆಗಲಿಗಿಂತ ಹಿಂದೆ ನಿಂತ್ರೆ ಅದು ಮುಂದೆ ಹೋಗುತ್ತೆ, ಹೆಗಲು ದಾಟಿ ಮುಂದೆ ಬಂದ್ರೆ ಹಿಂದೆ ಸರಿಯುತ್ತೆ. ಎಷ್ಟು ಹತ್ರ ಹೋದ್ರೆ ಅದು ಕದಲುತ್ತೋ ಆ ಗಡಿ ಮೇಲೆ ಒಂದು ಹೆಜ್ಜೆ ಒಳಗೆ ಒಂದು ಹೆಜ್ಜೆ ಆಚೆ. ಕೂಗಾಟ ಇಲ್ಲ, ಬಾಲ ತಿರುಚೋದಿಲ್ಲ. ಅಮೆರಿಕಾದ ಟೆಂಪಲ್ ಗ್ರ್ಯಾಂಡಿನ್ ಅನ್ನೋ ವಿಜ್ಞಾನಿ ಇದನ್ನೆಲ್ಲ ಅಧ್ಯಯನ ಮಾಡಿ ಬಾಗಿದ ಓಣಿ ಥರ ದೊಡ್ಡಿ ಡಿಸೈನ್ ಮಾಡಿದ್ದಾರೆ. ಅವ್ರದ್ದೇ ಇನ್ನೊಂದು ಅಧ್ಯಯನ ಕೇಳಿ ನಾವು ಒಬ್ರ ಮುಖ ಒಬ್ರು ನೋಡ್ಕೊಂಡ್ವಿ: ಹಣೆ ಸುಳಿ ಕಣ್ಣಿಗಿಂತ ಮೇಲಿರೋ ದನ ಕಟ್ಟಿ ಹಾಕಿದಾಗ ಜಾಸ್ತಿ ಗಲಾಟೆ ಮಾಡುತ್ತಂತೆ. ಸುಳಿ ನೋಡದೆ ಎತ್ತು ತಗೊಳ್ಳಲ್ಲ ಅಂತಿದ್ದ ನಮ್ಮ ತಾತನ್ನ ನಾವೆಲ್ಲ ನಗಾಡಿದ್ವಿ. ಎಲ್ಲಾ ಸುಳಿ ಶಾಸ್ತ್ರನೂ ಸೈನ್ಸ್ ಅಂತ ಹೇಳ್ತಾ ಇಲ್ಲ, ಮನೆ ಹಾಳು ಮಾಡೋ ಸುಳಿ ಅನ್ನೋದೆಲ್ಲ ಸುಳ್ಳೇ, ಆದ್ರೂ.

ಇದು ಬರೀ ಕರುಣೆ ವಿಷ್ಯ ಅಲ್ಲ, ದುಡ್ಡಿಂದು. ಹೆದರಿದ ದನದ ಮಾಂಸಖಂಡದಲ್ಲಿ ಗ್ಲೈಕೋಜನ್ (ಕೂಡಿಟ್ಟ ಶಕ್ತಿ) ಖಾಲಿ ಆಗುತ್ತೆ, ಸತ್ತ ಮೇಲೆ ಪಿಎಚ್ (ಹುಳಿ ಅಳೆಯೋ ಲೆಕ್ಕ) ಇಳಿಯಲ್ಲ, 5.7 ದಾಟಿದ್ರೆ ಮಾಂಸ ಕಪ್ಪಾಗಿ ಗ್ರೇಡ್ ಸಿಗಲ್ಲ. ಕುರಿಗೂ ಇದೇ ಲೆಕ್ಕ. ನಮ್ಮ ಕಡೆ ಸಂತೆಯಿಂದ ಟೆಂಪೋದಲ್ಲಿ ಕುರಿ ತುಂಬೋದನ್ನ ನೋಡಿದೋರಿಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ಹಾಂ, ದನ ಅಲುಗಾಡದ ಹಂಗೆ ಹಿಡಿದಿಡೋ ಕಟ್ಟಿಗೆ ಅಲ್ಲಿ ಕ್ರಶ್ ಅಂತಾರಲ್ಲ, ಅದು ನಮ್ಮ ಪಶು ಆಸ್ಪತ್ರೆ ಮುಂದೆ ಇರೋ ಟ್ರಾವಿಸ್‌ನ ದೊಡ್ಡಣ್ಣ, ಹೈಡ್ರಾಲಿಕ್ದು.

ಅಲ್ಲಿ ನೀರು ಮೇವು ಧಾರಾಳ ಇರುತ್ತೆ, ನಮ್ಮ ಬರಗಾಲದ ಜಿಲ್ಲೆಗೆ ಅದೆಲ್ಲ ಹೊಂದುತ್ತಾ?

ಧಾರಾಳ ಅಂತ ಯಾರ್ ಹೇಳಿದ್ದು? ರೋಮಾ ಕಡೆ ವರ್ಷದ ಮಳೆ ನಮ್ಮ ಶಿರಾ ಪಾವಗಡದ ಅಂದಾಜೇ, 500–600 ಮಿಲಿಮೀಟರ್, ಅದೂ ನಂಬೋ ಹಂಗಿಲ್ಲ. ವ್ಯತ್ಯಾಸ ಜಾಗದ್ದು, ನಾವು ಗುಂಟೆ ಲೆಕ್ಕ, ಅವ್ರು ಒಂದು ದನಕ್ಕೇ ಎಕರೆಗಟ್ಟಲೆ. ನೆಲದಡಿ ಗ್ರೇಟ್ ಆರ್ಟೀಸಿಯನ್ ಬೇಸಿನ್ ಅಂತ ನೀರಿನ ದೊಡ್ಡ ಪದರ ಇದೆ, ಕೆಲವು ಬೋರಲ್ಲಿ ಮೋಟರ್ ಇಲ್ದೆ ತಾನೇ ಉಕ್ಕುತ್ತೆ, ಕೈ ಇಟ್ರೆ ಸುಡುತ್ತೆ, ತಣ್ಣಗಾಗೋಕೆ ಬಿಟ್ಟು ದನಕ್ಕೆ ಕುಡಿಸ್ತಾರೆ. ನೂರು ವರ್ಷ ಹಂಗೇ ಕಾಲುವೇಲಿ ಹರಿಯೋಕೆ ಬಿಟ್ಟು ಒತ್ತಡ ಇಳಿದ್ಮೇಲೆ ಬುದ್ಧಿ ಬಂದು, ಈಗ ಬೋರಿಗೆ ಮುಚ್ಚಳ ಹಾಕಿ ಪೈಪಲ್ಲಿ ತೊಟ್ಟಿಗೆ ಬಿಡ್ತಾರೆ. ಸಾವಿರದ ಇನ್ನೂರು ಅಡಿ ಕೊರೆದು ಧೂಳು ನೋಡಿರೋ ಕೋಲಾರದ ಹುಡುಗ್ರು ಆ ಬಿಸಿನೀರಿನ ಮುಂದೆ ಎಷ್ಟು ಹೊತ್ತು ನಿಂತಿದ್ರು ಅಂದ್ರೆ ಬಸ್ ಹಾರನ್ ಹೊಡೀಬೇಕಾಯ್ತು.

ನಮಗೆ ಹೊಂದೋದು ಒಂದು ಮಾತು, ಮಳೆ ಕೈ ಕೊಡ್ತು ಅಂತ ಗೊತ್ತಾದ ತಕ್ಷಣ, ದನ ಸೊರಗೋ ಮುಂಚೇನೇ, ಅವ್ರು ಸಂಖ್ಯೆ ಇಳಿಸ್ತಾರೆ. ಕುರಿ ಸಾಕೋವ್ರು ಇದನ್ನ ಮಾಡ್ಬೋದು. ಹಸು ವಿಷ್ಯದಲ್ಲಿ ನಮ್ಮ ಕಷ್ಟ ಬೇರೆ, ಅದು ಮುಂದಿನ ಪ್ರಶ್ನೆ.

ಕರ್ನಾಟಕದಲ್ಲಿ ಗೋಹತ್ಯೆ ನಿಷೇಧ ಇದೆಯಲ್ಲ, ಮತ್ತೆ ಇದನ್ನ ಕಲಿತು ಏನ್ ಮಾಡೋದು?

ಹೌದು, 2020ರ ಕಾಯ್ದೆ, 2021ರಿಂದ ಜಾರಿ. ಹಸು, ಹೋರಿ, ಎತ್ತು, ಕರು ಯಾವುದನ್ನೂ ಕಡಿಯೋ ಹಂಗಿಲ್ಲ, ಎಮ್ಮೆ ಕೋಣ ಆದ್ರೆ 13 ವರ್ಷ ದಾಟಿರಬೇಕು. ಅಲ್ಲಿಂದ ಬಂದು ಇಲ್ಲಿ ಬೀಫ್ ಫಾರಂ ಮಾಡ್ತೀನಿ ಅನ್ನೋ ಮಾತೇ ಇಲ್ಲ. ಇದರ ಬಗ್ಗೆ ಗ್ರೂಪಲ್ಲಿ ಜಗಳ ಬೇಡ, ಹೋದ್ ಸಲ ಇದೇ ವಿಷ್ಯಕ್ಕೆ ಇಬ್ರು ಏರ್‌ಪೋರ್ಟ್ ತನಕ ಮಾತಾಡಿಲ್ಲ. ಗಂಡು ಕರು ಹುಟ್ಟಿದ್ರೆ ಏನ್ ಮಾಡೋದು ಅಂತ ಕೆಎಂಎಫ್‌ಗೆ ಹಾಲು ಹಾಕೋ ಪ್ರತಿ ಮನೆಗೂ ಗೊತ್ತಿರೋ ತಲೆನೋವಿದು, ಅದಕ್ಕೆ ನನ್ ಹತ್ರ ಉತ್ತರ ಇಲ್ಲ.

ಕೆಲಸದ ವಿಷ್ಯಕ್ಕೆ ಬಂದ್ರೆ ಕುರಿ ಮೇಕೆ. ರಾಷ್ಟ್ರೀಯ ಜಾನುವಾರು ಮಿಷನಲ್ಲಿ ಕುರಿ ಮೇಕೆ ಘಟಕಕ್ಕೆ 50 ಪರ್ಸೆಂಟ್ ಸಬ್ಸಿಡಿ ಇದೆ, 50 ಲಕ್ಷದ ತನಕ. ಶಿರಾ, ಪಾವಗಡ, ಮಧುಗಿರಿ ಕಡೆ ಕುರಿ ಇರೋಷ್ಟು ಎಲ್ಲಿದೆ? ಆದ್ರೆ ನಾವು ಕುರಿ ಮಾರೋದು ಕಣ್ಣಂದಾಜಲ್ಲಿ, ಸೊಂಟ ಒತ್ತಿ ನೋಡಿ. ನಾನು ಬಂದ್ಮೇಲೆ ಮಾಡಿದ ಮೊದಲ ಕೆಲಸ ನೇತು ಹಾಕೋ ತಕ್ಕಡಿ ತಂದು ಮರಿಗಳನ್ನ ತಿಂಗಳಿಗೊಂದ್ಸಲ ತೂಗಿದ್ದು. ವ್ಯಾಪಾರಿ ಹದಿನೆಂಟು ಕೆಜಿ ಅಂದಿದ್ದು ಇಪ್ಪತ್ತಮೂರು ಬಂತು. ಅಪ್ಪ ಏನೂ ಮಾತಾಡ್ಲಿಲ್ಲ, ಟಗರು ಮಾರಿದ ದುಡ್ಡಿನ ಮಾತು ಆಮೇಲೆ ಎತ್ತಿಲ್ಲ.

ಹುಡುಗೀರನ್ನ ಕಳಿಸ್ಬೋದಾ? ಸೇಫಾ?

ನಾನು ಬಂದು ಬರೀತಾ ಇದೀನಲ್ಲ ಸಾರ್. ಒಬ್ರು ಮೇಡಂ ಜೊತೇಲೇ ಇರ್ತಾರೆ, ರೂಮು ಬೇರೆ. ಜೂನ್ ಜುಲೈ ಅಲ್ಲಿ ಚಳಿಗಾಲ, ರೋಮಾದಲ್ಲಿ ರಾತ್ರಿ ಹಲ್ಲು ಕಟಕಟ ಅನ್ನುತ್ತೆ, ಸೇಫ್ಟಿಗಿಂತ ಸ್ವೆಟರ್ ಬಗ್ಗೆ ಯೋಚ್ನೆ ಮಾಡಿ.

ಇಂಗ್ಲಿಷ್ ಅಷ್ಟಾಗಿ ಬರಲ್ಲ ಅಕ್ಕಾ.

ಅವ್ರ ಇಂಗ್ಲಿಷ್ ಇಂಗ್ಲಿಷ್ ಮೀಡಿಯಂನವ್ರಿಗೂ ಅರ್ಥ ಆಗಲ್ಲ, ಚಿಂತೆ ಬಿಡು.

ವಾಪಸ್ ಬಂದ ತಕ್ಷಣ ನಮ್ಮ ಕೊಟ್ಟಿಗೆಗೆ ಹೋಗ್ಬೋದಾ?

ಬಟ್ಟೆ ಬಿಸಿನೀರಲ್ಲಿ ಒಗೆದು, ಶೂ ಉಜ್ಜಿ ಬಿಸಿಲಿಗಿಟ್ಟು, ಸ್ನಾನ ಮಾಡಿ, ಒಂದು ವಾರ ಬಿಟ್ಟು ಹೋಗಿ. ನನಗೆ ಆ ಯೋಚನೆ ಮಾಡೋ ಅವಕಾಶನೇ ಸಿಗ್ಲಿಲ್ಲ, ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ಚೊಂಬಲ್ಲಿ ಗಂಜಲ ತಂದು ತಲೆ ಮೇಲೆ ಪ್ರೋಕ್ಷಣೆ ಮಾಡಿದ್ರು, ಬ್ಯಾಗಿಗೂ ಲ್ಯಾಪ್‌ಟಾಪಿಗೂ ಸೇರಿಸಿ. ಆಮೇಲೆ ಕೈಗೆ ಕಾಫಿ ಕೊಟ್ಟು ಮತ್ತೆ ಅದನ್ನೇ ಕೇಳಿದ್ರು, ಹೆಸರಿಡ್ತಾರಾ ಅಂತ. ಇಲ್ಲಜ್ಜಿ, ಅಕ್ಷರ ಅಂಕಿ ಸೇರಿ ಹದಿನಾರರ ನಂಬರ್ ಅಂದೆ. "ಅಷ್ಟುದ್ದ ಕೂಗೋ ಹೊತ್ತಿಗೆ ಹಸು ಊರಾಚೆ ಹೋಗಿರುತ್ತೆ" ಅಂತ ಎದ್ದು ಗೌರೀಗೆ ಹುಲ್ಲು ಹಾಕೋಕೆ ಹೋದ್ರು.